ಒಂದು ಪಾವನ್ನು ಹುಡುಕಿಕೊಂಡು ಎರಡು ದಿನ

ಸೆಪ್ಟೆಂಬರಿನಲ್ಲಿ ಚಿಕ್ಕಬಳ್ಳಾಪುರದಲ್ಲೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಮನೆ ಬದಲಾಯಿಸಿದೆವು. ಆ ಗಲಾಟೆಯಲ್ಲಿ ಅತ್ತೆಯ ಪಾವು, ಎಂದರೆ ಅಕ್ಕಿ ಅಳೆಯುವ ಹಿತ್ತಾಳೆಯ ಕಾಲುಸೇರು, ಕಳೆದುಹೋಯಿತು. ಹಿತ್ತಾಳೆಯ ಸೇರು ಬಂತು, ಅರ್ಧ ಸೇರಿನ ಅಚ್ಚೇರು ಬಂತು, ಚಟಾಕು ಕೂಡ ಒರಳಿನ ಗುಂಡಿಯೊಳಗೆ ಕುಳಿತು ಬಂತು. ಪಾವು ಮಾತ್ರ ಬರಲಿಲ್ಲ. ಹಳೆಯ ಮನೆಯ ಅಟ್ಟ, ಬಚ್ಚಲು, ಸಾಮಾನು ತಂದ ಟೆಂಪೋದ ಮೂಲೆ, ಎಲ್ಲ ಕಡೆ ಹುಡುಕಿದ್ದಾಯಿತು.

ಅಂದಿನಿಂದ ಅತ್ತೆ ಸ್ಟೀಲ್ ಲೋಟದಲ್ಲಿ ಅಕ್ಕಿ ಅಳೆಯತೊಡಗಿದರು. ಅನ್ನ ಒಂದು ದಿನ ಮುದ್ದೆಯಾದರೆ ಇನ್ನೊಂದು ದಿನ ಬಿರುಸು. ಐವತ್ತು ವರ್ಷ ಒಂದೇ ಅಳತೆಗೆ ಒಗ್ಗಿದ ಕೈ ಅದು. ಬಡಿಸುವಾಗ ಅವರು ಅನ್ನವನ್ನು ಚಮಚದ ಬೆನ್ನಿನಿಂದ ಒತ್ತಿ ನೋಡಿ ಸುಮ್ಮನಾಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಹೊಸ ಪಾವು ತರೋಣವೆಂದು ಪಾತ್ರೆ ಅಂಗಡಿಗೆ ಹೋದೆ. ಅಲ್ಲಿರುವುದು ಹೊಸ ಸೊಸೆ ಹೊಸ್ತಿಲಲ್ಲಿ ಕಾಲಿನಿಂದ ಉರುಳಿಸುವ ಸೇರು, ಕಳಶಕ್ಕೆ ಇಡುವ ಪಾವು. ಹೊಳಪೇನೋ ಇದೆ. ಆದರೆ ಎಷ್ಟು ಹಿಡಿಯುತ್ತದೆ ಎಂದು ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿದರು. 1956ರ ಕಾನೂನು ಕಿಲೋ, ಲೀಟರುಗಳನ್ನು ತಂದ ಮೇಲೆ ಸೇರು, ಪಾವುಗಳು ವ್ಯಾಪಾರದಿಂದ ಹೊರಬಿದ್ದವು, ಅಡುಗೆಮನೆಯಲ್ಲಿ ಉಳಿದುಕೊಂಡವು. ಅಳತೆ ಸರಿಯಿರುವ ಪಾವು ಬೇಕೆಂದರೆ ಹಳೆಯದನ್ನೇ ಹುಡುಕಬೇಕು.

ಹಳೆಯ ಸಾಮಾನಿನ ಅಂಗಡಿಗಳೆಂದರೆ ನನಗೆ ಚಿಕ್ಕಂದಿನಿಂದ ಪ್ರೀತಿ. ಯಾವ ಊರಿಗೆ ಹೋದರೂ ಗುಜರಿ ಬೀದಿಗೆ ಒಮ್ಮೆ ಹೋಗಿ ಬರುತ್ತೇನೆ. ಡಿಸೆಂಬರಿನ ಒಂದು ಶನಿವಾರ, ಭಾನುವಾರ ಮಕ್ಕಳನ್ನು ಯಜಮಾನರಿಗೆ ಒಪ್ಪಿಸಿ ನಾನು ಮತ್ತು ಅತ್ತೆ ಕಾರಿನಲ್ಲಿ ಹೊರಟೆವು. ಅತ್ತೆಗೆ ಎಪ್ಪತ್ತೊಂದು. ಬಾಗೇಪಲ್ಲಿ ಕಡೆಯವರಾದ್ದರಿಂದ ಕನ್ನಡದಷ್ಟೇ ಚೆನ್ನಾಗಿ ತೆಲುಗು ಬರುತ್ತದೆ. ಅವರು ತಮ್ಮ ಸೇರನ್ನೂ ಬಟ್ಟೆ ಚೀಲದಲ್ಲಿ ಎರಡು ಕಿಲೋ ಅಕ್ಕಿಯನ್ನೂ ತಂದು ಹಿಂದಿನ ಸೀಟಿನಲ್ಲಿ ಇಟ್ಟರು.

“ಅಕ್ಕಿ ಯಾಕೆ ಅತ್ತೆ?”

“ಕಣ್ಣಳತೆಯಲ್ಲಿ ಪಾವು ಕೊಳ್ಳುತ್ತಾರೇನಮ್ಮ? ನಾಲ್ಕು ಪಾವು ಹೊಯ್ದರೆ ಸೇರು ತುಂಬಬೇಕು. ಅಲ್ಲೇ ಹೊಯ್ದು ನೋಡೋಣ.”

ಶನಿವಾರ: ಶಿಡ್ಲಘಟ್ಟ, ಚಿಂತಾಮಣಿ

ಬೆಳಿಗ್ಗೆ ಆರೂವರೆಗೆ ಹೊರಟಾಗ ನಂದಿ ಬೆಟ್ಟವೇ ಕಾಣದಷ್ಟು ಮಂಜು. ಊರು ದಾಟುತ್ತಿದ್ದಂತೆ ದ್ರಾಕ್ಷಿ ಚಪ್ಪರಗಳು, ಹಿಪ್ಪುನೇರಳೆ ಹೊಲಗಳು ಒಂದೊಂದಾಗಿ ಮಂಜಿನಿಂದ ಹೊರಬರುತ್ತಿದ್ದವು. ಸ್ವೆಟರನ್ನು ಕುರ್ಚಿಯ ಮೇಲೆ ಮರೆತು ಬಂದಿದ್ದೇನೆಂದು ನನಗೆ ಆಗ ನೆನಪಾಯಿತು. ಅತ್ತೆ ತಮ್ಮ ಶಾಲನ್ನು ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಕಿಟಕಿ ಏರಿಸಿಕೊಂಡು ನಡುಗುತ್ತಲೇ ಶಿಡ್ಲಘಟ್ಟ ಸೇರಿದೆವು.

ಶಿಡ್ಲಘಟ್ಟವನ್ನು ಮೂಗು ಮೊದಲು ಗುರುತಿಸುತ್ತದೆ. ರೇಷ್ಮೆ ಗೂಡು ಬೇಯಿಸುವ ಬಿಸಿನೀರಿನ ವಾಸನೆ, ಅದರೊಳಗಿನ ಹುಳುವಿನ ವಾಸನೆ ನೂಲು ಬಿಚ್ಚುವ ಬೀದಿಗಳಲ್ಲಿ ನಿಂತೇ ಇರುತ್ತದೆ. ಒಗ್ಗದವರಿಗೆ ಕಷ್ಟ, ಅಲ್ಲಿಯವರಿಗೆ ಅದು ದುಡಿಮೆಯ ವಾಸನೆ. ಗೂಡು ಮಾರುಕಟ್ಟೆಯ ಮುಂದೆ ರೈತರು ಮೂಟೆ ಇಳಿಸುತ್ತಿದ್ದರು. ಒಂದು ಕಡೆ ಮಿಶ್ರತಳಿಯ ಹಳದಿ ಗೂಡು, ಇನ್ನೊಂದು ಕಡೆ ದ್ವಿತಳಿಯ ಬಿಳಿ ಗೂಡು. ಎರಡು ಇಡ್ಲಿ ತಿಂದು, ಹಳೆಯ ಸಲಕರಣೆ ಮಾರುವ ಅಂಗಡಿ ಎಲ್ಲಿದೆ ಎಂದು ಹೋಟೆಲಿನವರನ್ನು ಕೇಳಿಕೊಂಡು ಹೊರಟೆವು.

ಸಿಕ್ಕಿದ ಅಂಗಡಿಗೆ ಬೋರ್ಡೇ ಇರಲಿಲ್ಲ. ಒಳಗೆ ಮರದ ರಾಟೆಗಳು, ತುಕ್ಕು ಹಿಡಿದ ಹಲ್ಲುಚಕ್ರಗಳು, ಗೂಡು ಬೇಯಿಸಿ ಬೇಯಿಸಿ ಕಂದಿದ ಬೇಸಿನ್‌ಗಳು. ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳೇ ಇಪ್ಪತ್ತಿರಬಹುದು. ನೋಡದವರಿಗೆ ಹೇಳುತ್ತೇನೆ: ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ಚಾಪೆ, ಅದರ ಮೇಲೆ ಬಿದಿರಿನ ಪಟ್ಟಿಯನ್ನು ನಿಲ್ಲಿಸಿ ಸುರುಳಿ ಸುರುಳಿಯಾಗಿ ಹೆಣೆದಿರುತ್ತಾರೆ. ಹಣ್ಣಾದ ಹುಳುಗಳನ್ನು ಇದರ ಮೇಲೆ ಬಿಟ್ಟರೆ ಸುರುಳಿಗಳ ನಡುವೆ ಜಾಗ ಹಿಡಿದು ಗೂಡು ಕಟ್ಟುತ್ತವೆ. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆಗಳು ಬಂದಿವೆ. ಮಡಿಸಿಡಬಹುದು, ತೊಳೆಯುವುದು ಸುಲಭ. ಹಾಗಾಗಿ ಬಿದಿರಿನವು ಇಲ್ಲಿ ಬಂದು ಗೋಡೆಗೆ ಒರಗಿವೆ.

“ಪಾವು ಇಲ್ಲ ಅಮ್ಮ, ನಮ್ಮಲ್ಲಿ ರೇಷ್ಮೆ ಸಾಮಾನು ಮಾತ್ರ,” ಎಂದರು ಅಂಗಡಿಯ ಭಾಯಿ. ಅತ್ತೆ ಆಗಲೇ ಒಂದು ಚಂದ್ರಿಕೆಯ ಮೇಲೆ ಕೈಯಾಡಿಸುತ್ತಿದ್ದರು. ನಮ್ಮ ಹೊಸ ಮನೆಯ ಪಡುವಣ ಕಿಟಕಿಗೆ ಮಧ್ಯಾಹ್ನ ಸುಡುಬಿಸಿಲು ಬೀಳುತ್ತದೆ. ಇದನ್ನು ತೂಗುಹಾಕಿದರೆ ಗಾಳಿ ಬರುತ್ತದೆ, ಬಿಸಿಲು ಬರುವುದಿಲ್ಲ. ಭಾಯಿ ತಾವೇ ಆರಿಸಿ, ಹುಳ ಹೊಡೆಯದ ಒಂದನ್ನು ಕೊಟ್ಟರು. 150 ರೂಪಾಯಿ. ಪಟ್ಟಿಗಳ ನಡುವೆ ಹಳದಿ ಎಳೆಗಳ ಚೂರು ಇನ್ನೂ ಅಂಟಿಕೊಂಡಿದ್ದವು. “ಅದನ್ನು ಕೀಳಬೇಡಿ, ಗಟ್ಟಿಯಾಗಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲಿಗಿಡಿ,” ಎಂದರು.

ಅದನ್ನು ಕಾರಿನ ಮೇಲೆ ಹಗ್ಗದಿಂದ ಕಟ್ಟಿಕೊಂಡು ಚಿಂತಾಮಣಿಯ ದಾರಿ ಹಿಡಿದೆವು. ಮಂಜು ಹರಿದು ಬಿಸಿಲು ಬಂದಿತ್ತು. ರಸ್ತೆಯ ಎರಡೂ ಬದಿಯಲ್ಲಿ ಕೊಯ್ಲಾದ ರಾಗಿಯ ಹೊಲಗಳು, ಗುಂಡುಗಲ್ಲಿನ ಗುಡ್ಡಗಳು. ಸ್ವಲ್ಪ ವೇಗ ಹೆಚ್ಚಿಸಿದೆನೋ ಇಲ್ಲವೋ, ತಲೆಯ ಮೇಲೆ ಪಟಪಟ ಸದ್ದು. ಗಾಳಿ ಚಾಪೆಯ ಅಡಿಗೆ ಹೊಕ್ಕು ಹಗ್ಗ ಸಡಿಲಿಸಿತ್ತು. ನಿಲ್ಲಿಸುವಷ್ಟರಲ್ಲಿ ಚಂದ್ರಿಕೆ ಹಾರಿ ರಾಗಿ ಕೂಳೆಯ ಮೇಲೆ ಮಗುಚಿ ಬಿದ್ದಿತ್ತು. ಹಿಂದೆ ವಾಹನ ಇದ್ದಿದ್ದರೆ ಎಂದು ಎದೆ ಹೊಡೆದುಕೊಂಡಿತು. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಹುಡುಗನೊಬ್ಬ ಬೈಕ್ ನಿಲ್ಲಿಸಿ, ಹೊಲಕ್ಕಿಳಿದು ಎತ್ತಿಕೊಂಡು ಬಂದ. “ಹಗ್ಗದಲ್ಲಿ ನಿಲ್ಲುವುದಿಲ್ಲ ಅಕ್ಕ,” ಎಂದು ತನ್ನ ಬಳಿಯಿದ್ದ ಟ್ಯೂಬಿನ ಪಟ್ಟಿಗಳಿಂದ ನಾಲ್ಕು ಮೂಲೆಗೂ ಬಿಗಿದ. ಮುಂದಿನ ಅಂಚನ್ನು ಬಾನೆಟ್ಟಿನ ಕಡೆಗೆ ತಗ್ಗಿಸಿ ಕಟ್ಟಿದರೆ ಗಾಳಿ ಹೊಗುವುದಿಲ್ಲವೆಂದು ತೋರಿಸಿಕೊಟ್ಟ. ಎರಡು ದಿನ ಅದು ಅಲುಗಲಿಲ್ಲ. ಅಗಲವಾದದ್ದನ್ನು ಹೊರುವವರು ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬು ಕೊಯ್ಸಿಕೊಂಡು ಹೋಗುವುದು ಒಳ್ಳೆಯದು.

ಚಿಂತಾಮಣಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬಟ್ಟೆಯ ರಾಶಿ. ಬೀದಿಬದಿಯಲ್ಲಿ ನೀಲಿ ಟಾರ್ಪಾಲಿನ ಮೇಲೆ ಸ್ವೆಟರು, ಅಂಗಿ, ಮಕ್ಕಳ ಟೋಪಿ. ಮಾರುವಾಕೆ ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಟ್ಟು ಬೀದಿ ಬೀದಿ ಸುತ್ತುವವರ ಪೈಕಿ. ನಾವು ಕೊಟ್ಟ ಬಟ್ಟೆ ಆಮೇಲೆ ಎಲ್ಲಿಗೆ ಹೋಗುತ್ತದೆಂದು ನಾನು ಎಂದೂ ಯೋಚಿಸಿರಲಿಲ್ಲ. ಆಕೆ ಹೇಳಿದ್ದು ಇಷ್ಟು: ಮನೆಗೆ ತಂದ ಮೇಲೆ ಮೂರು ಗುಂಪು ಮಾಡುತ್ತಾರೆ. ಉಡುವಂಥದ್ದನ್ನು ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಹೀಗೆ ಮಾರುತ್ತಾರೆ. ಹತ್ತಿಯ ಸೀರೆ, ಪಂಚೆಗಳು ಕೌದಿ ಹೊಲಿಯುವವರಿಗೆ. ಹರಿದದ್ದು ಗ್ಯಾರೇಜುಗಳಿಗೆ ಒರೆಸುವ ಬಟ್ಟೆಯಾಗಿ ಹೋಗುತ್ತದೆ. “ಗುಂಡಿ ಕಿತ್ತುಕೊಂಡು ಕೊಡುತ್ತೀರಲ್ಲಮ್ಮ, ಅದೊಂದು ಮಾಡಬೇಡಿ,” ಎಂದಳು. ನಾನು ವರ್ಷಗಳಿಂದ ಹಾಗೆಯೇ ಮಾಡುತ್ತಾ ಬಂದಿದ್ದೇನೆ. ಇನ್ನು ಮಾಡುವುದಿಲ್ಲ.

ರಾಶಿಯಲ್ಲಿ ಒಂದು ಕಂದು ಬಣ್ಣದ ಸ್ವೆಟರು ಸಿಕ್ಕಿತು. ಕೈಯಲ್ಲಿ ಹೆಣೆದದ್ದು. ಮೊಣಕೈಯ ಬಳಿ ಉಣ್ಣೆ ಸಾಲದೆ ಬೇರೆ ಬಣ್ಣದಲ್ಲಿ ಎರಡು ಸಾಲು ಹಾಕಿ ಮುಗಿಸಿದ್ದರು. ಎಂಬತ್ತು ರೂಪಾಯಿ ಕೊಟ್ಟು ಅಲ್ಲೇ ತೊಟ್ಟುಕೊಂಡೆ. ಮೊಣಕೈಯ ಆ ಎರಡು ಸಾಲನ್ನು ಯಾರು ಹೆಣೆದರೋ, ಅವರ ಮೇಲೆ ನನಗೆ ಮಮತೆ ಹುಟ್ಟಿದೆ.

ಪಾತ್ರೆಯ ಅಂಗಡಿ ಎರಡು ಗಲ್ಲಿ ಆಚೆ. ಹೊಸ ಪಾತ್ರೆ ಮುಂದೆ, ಬದಲಿಗೆ ಬಂದ ಹಳೆಯವು ಹಿಂದಿನ ಕೋಣೆಯಲ್ಲಿ. ಹಿಂದಿನ ಕೋಣೆ ನೋಡಬಹುದೇ ಎಂದು ಬಾಯಿಬಿಟ್ಟು ಕೇಳಬೇಕು, ಅವರಾಗಿ ತೋರಿಸುವುದಿಲ್ಲ. ಹಂಡೆ, ಕೊಳಗ, ಬೋಗುಣಿ, ಕೊಪ್ಪರಿಗೆ, ಒಂದರ ಮೇಲೊಂದು ಪೇರಿಸಿದ ಚೊಂಬುಗಳು. ನಾನು ಜೇಬಿನಿಂದ ಆಯಸ್ಕಾಂತ ತೆಗೆದು ಒಂದೊಂದಕ್ಕೆ ಮುಟ್ಟಿಸುತ್ತಾ ಹೋದೆ. ಹಿತ್ತಾಳೆಗೂ ತಾಮ್ರಕ್ಕೂ ಅದು ಅಂಟುವುದಿಲ್ಲ, ಮೇಲೆ ಲೇಪ ಹೊಡೆದ ಕಬ್ಬಿಣವಾದರೆ ತಕ್ಷಣ ಕಚ್ಚಿಕೊಳ್ಳುತ್ತದೆ. ಅತ್ತೆಗೆ ಆಯಸ್ಕಾಂತ ಬೇಕಿಲ್ಲ. ತಟ್ಟೆಯೊಂದನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಉಗುರಿನಿಂದ ತಟ್ಟಿದರು. ದನಿ ಎದ್ದು, ಕೋಣೆಯನ್ನೆಲ್ಲ ಸುತ್ತಿ, ನಿಧಾನವಾಗಿ ಇಳಿಯಿತು. “ಕಂಚು,” ಎಂದರು. ಪಕ್ಕದ್ದನ್ನು ತಟ್ಟಿದರೆ ಟಕ್ ಎಂದು ಅಲ್ಲೇ ಸತ್ತಿತು. “ಇದೂ ಕಂಚೇ. ಆದರೆ ಬಿರುಕು ಬಿಟ್ಟಿದೆ, ಕಣ್ಣಿಗೆ ಕಾಣುವುದಿಲ್ಲ.” ಕಂಚು ಎಂದರೆ ತಾಮ್ರಕ್ಕೆ ತವರ ಬೆರೆಸಿದ್ದು, ಹಿತ್ತಾಳೆ ಎಂದರೆ ಸತು ಬೆರೆಸಿದ್ದು ಎಂದು ನಾನು ಓದಿದ್ದೆ. ಕಿವಿಯಿಂದ ಬೇರ್ಪಡಿಸುವುದನ್ನು ಆ ಕೋಣೆಯಲ್ಲಿ ಕಲಿತೆ.

ಪಾವು ಇದೆಯೇ ಎಂದು ಅತ್ತೆ ತೆಲುಗಿನಲ್ಲಿ ಕೇಳಿದರು. ಅಂಗಡಿಯವರು ಮೂಲೆಯಿಂದ ಒಂದನ್ನು ತಂದು, “ಸೋಲ,” ಎಂದರು. ನೋಡಲು ನಮ್ಮ ಪಾವಿನ ಹಾಗೆಯೇ ಇತ್ತು. ಅಲ್ಲೇ ಪತ್ರಿಕೆ ಹಾಸಿ ಸೇರನ್ನು ಇಟ್ಟೆವು. ಅತ್ತೆ ಅಕ್ಕಿ ತುಂಬಿ, ತಲೆ ಸವರಿ ಹೊಯ್ದರು. ಒಂದು, ಎರಡು, ಮೂರು, ನಾಲ್ಕು. ಸೇರಿನ ಅಂಚಿಗೆ ಇನ್ನೂ ಎರಡು ಬೆರಳು ಬಾಕಿ. ಮತ್ತೊಮ್ಮೆ ಹೊಯ್ದರು, ಅಷ್ಟೇ ಬಾಕಿ.

“ಅವರ ತಪ್ಪಲ್ಲ. ಇದು ಬೇರೆ ಕಡೆಯ ಲೆಕ್ಕ,” ಎಂದರು ಅತ್ತೆ. ಅವರ ತವರಿನಲ್ಲಿ ನಾಲ್ಕು ಗಿದ್ದೆಗೆ ಒಂದು ಸೋಲ, ಎರಡು ಸೋಲಕ್ಕೆ ಒಂದು ತವ್ವ, ಎರಡು ತವ್ವಕ್ಕೆ ಒಂದು ಮಾನಿಕೆ. ಮದುವೆಯಾಗಿ ಬಂದ ಮೊದಲ ಸುಗ್ಗಿಯಲ್ಲಿ ಕೂಲಿಯಾಳುಗಳ ಅಡುಗೆ ಅವರ ಪಾಲಿಗೆ ಬಂತಂತೆ. ತವರಿನಿಂದ ತಂದ ಸೋಲದಲ್ಲಿ ಅಕ್ಕಿ ಅಳೆದರು, ಅತ್ತೆಮನೆಯ ಪಾವಿನ ಲೆಕ್ಕದಲ್ಲಿ. ಕೊನೆಯ ಮೂವರಿಗೆ ಅನ್ನ ಸಾಲಲಿಲ್ಲ. ಅವರ ಅತ್ತೆ ಏನೂ ಅನ್ನಲಿಲ್ಲ, ಮರುದಿನ ಬೆಳಿಗ್ಗೆ ತಮ್ಮ ಪಾವನ್ನು ತಂದು ಸೊಸೆಯ ಕೈಗಿಟ್ಟರು. ಕಳೆದದ್ದು ಆ ಪಾವು. ಇದನ್ನು ಅವರು ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ಸಾಮಾನು ಕಟ್ಟಿದವಳು ನಾನು.

ಶನಿವಾರ ರಾತ್ರಿ: ಕೋಲಾರ

ಚಿಂತಾಮಣಿಯಿಂದ ಕೋಲಾರದ ದಾರಿಯಲ್ಲಿ ಮಾವಿನ ತೋಪು, ನೀಲಗಿರಿ ತೋಪು, ಟೊಮೆಟೊ ಹೊಲ. ಊರು ಹತ್ತಿರವಾಗುತ್ತಿದ್ದಂತೆ ಶತಶೃಂಗ ಬೆಟ್ಟದ ಸಾಲು ಸಂಜೆ ಬಿಸಿಲಿನಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅತ್ತೆಯ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದೆವು.

ಊಟಕ್ಕೆ ರಾಗಿಮುದ್ದೆ, ಹಿತಕಿದ ಅವರೆಬೇಳೆಯ ಸಾರು. ಮಂಜು ಬಿದ್ದ ಅವರೆಗೆ ಸೊಗಡು ಹೆಚ್ಚು, ಆ ಸೊಗಡು ಕೈ ತೊಳೆದ ಮೇಲೂ ಬೆರಳಲ್ಲಿ ಉಳಿಯುತ್ತದೆ. ಮುದ್ದೆ ನುಂಗುತ್ತಾ ನಮ್ಮ ಸುತ್ತಾಟದ ಕಾರಣ ಹೇಳಿದಾಗ ಚಿಕ್ಕತ್ತೆಗೆ ಸರಿಬರಲಿಲ್ಲ. “ಯಾರ ಮನೆಯದೋ ಏನೋ ಅಕ್ಕ. ಸತ್ತವರದ್ದಿರಬಹುದು, ದಿವಾಳಿಯಾದವರದ್ದಿರಬಹುದು. ಮನೆಯೊಳಗೆ ತರುತ್ತೀಯಲ್ಲ.”

ಈ ಮಾತನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ, ಸರಿಯಾದ ಉತ್ತರ ಹೊಳೆದಿರಲಿಲ್ಲ. ಅತ್ತೆ ತಡಮಾಡಲಿಲ್ಲ. “ಈ ಮನೆ ಕಟ್ಟಿದವರು ಎಲ್ಲಿದ್ದಾರೆ ಹೇಳು. ನಿನ್ನ ಅತ್ತೆ ಹೋದರು, ಮಾವ ಹೋದರು. ನೀನು ಇದೇ ಅಡುಗೆಮನೆಯಲ್ಲಿ ಬೇಯಿಸುತ್ತಿಲ್ಲವೇ? ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಂಕಿಗೆ ಹಿಡಿದರೆ ಆಯಿತು. ಬೆಂಕಿಗಿಂತ ದೊಡ್ಡ ಮಡಿ ಯಾವುದಿದೆ?” ಚಿಕ್ಕತ್ತೆ ಇನ್ನೊಂದು ಸೌಟು ಸಾರು ಬಡಿಸಿದರು. ಮಲಗುವ ಮುನ್ನ ಅಟ್ಟದಿಂದ ತಮ್ಮದೇ ಒಂದು ಹಿತ್ತಾಳೆ ಪಾತ್ರೆ ಇಳಿಸಿ, ಒಳಗಿನ ಕಲಾಯಿ, ಅಂದರೆ ತವರದ ಲೇಪ, ಹೋಗಿದೆ, ಈಗ ಹಾಕುವವರು ಯಾರಿದ್ದಾರೆ ಎಂದು ವಿಚಾರಿಸಿದರು. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಬೇಯಿಸಬಾರದು, ಕಿಲುಬು ಬಿಡುತ್ತದೆ. ಹಳೆಯ ಪಾತ್ರೆ ಕೊಳ್ಳುವಾಗ ಕಲಾಯಿಯ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಭಾನುವಾರ: ಕೋಲಾರದಿಂದ ಕೆ.ಜಿ.ಎಫ್.

ಗಡಿಯಾರ ಗೋಪುರದ ಕಡೆಯಿಂದ ಹೊರಟು ವಿಚಾರಿಸುತ್ತಾ ಹೋಗಿ ಒಂದು ದೊಡ್ಡ ಗುಜರಿ ಅಂಗಡಿ ಸೇರಿದಾಗ ಎಂಟೂವರೆ. ಗುಜರಿಗೆ ಬೆಳಿಗ್ಗೆ ಹೋಗುವುದೇ ವಾಸಿ. ಹಿಂದಿನ ದಿನ ಬಂದದ್ದು ಇನ್ನೂ ವಿಂಗಡಣೆಯಾಗಿರುವುದಿಲ್ಲ, ಹತ್ತು ಗಂಟೆಯ ನಂತರ ಎಲ್ಲವೂ ಮೂಟೆ ಸೇರುತ್ತದೆ.

ಅಂಗಳದ ತುಂಬ ಸುಟ್ಟ ಮೋಟಾರುಗಳು. ಕೊಳವೆಬಾವಿಯೊಳಗೆ ಇಳಿಸುವ ಉದ್ದನೆಯ ಸಬ್‌ಮರ್ಸಿಬಲ್ ಮೋಟಾರುಗಳು ಸೌದೆಯ ಹಾಗೆ ಬಿದ್ದಿದ್ದವು. ಸಾವಿರ ಅಡಿಗೂ ಆಚೆ ಕೊರೆದು, ನೀರಿಗಾಗಿ ತಡಕಾಡಿ ಸುಟ್ಟುಹೋದವು. ಇಬ್ಬರು ಹುಡುಗರು ಕುಳಿತು ಒಳಗಿನ ತಾಮ್ರದ ತಂತಿ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಹನಿ ನೀರಾವರಿಯ ಕಪ್ಪು ಪೈಪಿನ ಸುರುಳಿಗಳು, ಅದರಡಿಯಲ್ಲಿ ಒಂದು ಮರದ ಗಾಲಿ. ಅತ್ತೆ ಗುರುತು ಹಿಡಿದರು: ಕಪಿಲೆಯ ಗಾಲಿ. ಎತ್ತುಗಳು ಹಗ್ಗ ಎಳೆದು, ಬಾವಿಯಿಂದ ಚರ್ಮದ ಬಾನಿಯಲ್ಲಿ ನೀರೆತ್ತುತ್ತಿದ್ದ ಕಾಲದ್ದು. ಹಗ್ಗ ಓಡಿ ಓಡಿ ನಡುವೆ ನುಣುಪಾದ ಕಾಲುವೆ ಬಿದ್ದಿತ್ತು. “ನಮ್ಮ ಬಾವಿಯಲ್ಲಿ ಬೇಸಿಗೆಯಲ್ಲೂ ನೀರು ಕಾಣುತ್ತಿತ್ತು,” ಎಂದು ಅದರ ಮೇಲೆ ಕೈಯಿಟ್ಟು ನಿಂತರು. ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ನಾವು ಬಂದ ದಾರಿಯಲ್ಲೂ ತುಂಬಿದ ಕೆರೆಗಳಿದ್ದವು. ಆದರೂ ಆ ಅಂಗಳದಲ್ಲಿ ನಿಂತಾಗ ನನ್ನ ಕಣ್ಣು ಮೋಟಾರುಗಳ ಮೇಲೆಯೇ ಇತ್ತು.

ಹಿತ್ತಾಳೆಯ ಮೂಟೆಯಿಂದ ಮಾಲೀಕರು ಒಂದು ಪಾವು ಹೆಕ್ಕಿ ಕೊಟ್ಟರು. ಬಾಯಿ ಅಗಲ ಸರಿ, ಎತ್ತರ ಸರಿ. ಅಕ್ಕಿ ಹೊಯ್ದರೆ ಸೇರಿಗೆ ನಾಲ್ಕರ ಬದಲು ಐದು ಬೇಕಾಯಿತು. ಅತ್ತೆ ಒಳಗೆ ತೋರುಬೆರಳು ನಿಲ್ಲಿಸಿ, ಅದೇ ಬೆರಳನ್ನು ಹೊರಮೈಗೆ ಹಿಡಿದರು. ಒಳಗಿನ ತಳ ಹೊರಗಿನ ತಳಕ್ಕಿಂತ ಅರ್ಧ ಬೆರಳು ಮೇಲಿತ್ತು. ಯಾರೋ ಇನ್ನೊಂದು ತಗಡು ಬೆಸೆದು ತಳ ಎತ್ತಿಸಿದ್ದರು. ಅತ್ತೆಯ ಮುಖ ಕೆಂಪಾಯಿತು. “ಇದರಲ್ಲಿ ಅಳೆಸಿಕೊಂಡು ಮನೆಗೆ ಹೋದವರ ಮಕ್ಕಳು ಎಷ್ಟು ದಿನ ಅರೆಹೊಟ್ಟೆ ಉಂಡಿರಬೇಕು. ಬಿಟ್ಟಿ ಕೊಟ್ಟರೂ ಬೇಡ.” ಮಾಲೀಕರೂ ಬೆರಳಿಟ್ಟು ನೋಡಿದರು. ಪಾವನ್ನು ಸುತ್ತಿಗೆಯಿಂದ ಒಂದೇ ಏಟಿಗೆ ಚಪ್ಪಟೆ ಮಾಡಿ ಕರಗಿಸುವ ಮೂಟೆಗೆ ಎಸೆದರು. ಕೆ.ಜಿ. ಲೆಕ್ಕದಲ್ಲಿ ಅವರಿಗೆ ನಷ್ಟವಿಲ್ಲ, ಅದು ನಿಜ. ಆದರೂ ಆ ಏಟು ನನಗೆ ಇಷ್ಟವಾಯಿತು.

ಬಂಗಾರಪೇಟೆ ದಾಟಿ ಕೆ.ಜಿ.ಎಫ್. ಹತ್ತಿರವಾದಾಗ ಸಯನೈಡ್ ದಿಬ್ಬಗಳು ಕಂಡವು. ಚಿನ್ನ ತೆಗೆದು ಉಳಿದ ಪುಡಿಮಣ್ಣನ್ನು ಸುರಿದು ಸುರಿದು ಬೆಳೆದ ಬೂದು ಗುಡ್ಡಗಳು. ಮಳೆ ಅವುಗಳ ಮೈಯಲ್ಲಿ ಉದ್ದುದ್ದ ಗೀರು ಕೊರೆದಿದೆ. ಗಾಳಿ ಬೀಸಿದರೆ ಬಿಳಿ ದೂಳು ಏಳುತ್ತದೆ, ಕಿಟಕಿ ಏರಿಸಿಕೊಂಡೇ ಸಾಗಿದೆವು. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಗಣಿ ಕೆಲಸಕ್ಕೆ ಕೈಹಾಕಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರ ಊರು ಇದು.

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಸುತ್ತ ಭಾನುವಾರದ ಜನ. ತಮಿಳು, ಕನ್ನಡ, ತೆಲುಗು, ಉರ್ದು ಒಂದೇ ತರಕಾರಿ ಅಂಗಡಿಯ ಮುಂದೆ ಬೆರೆತು ಕೇಳುತ್ತಿದ್ದವು. ಹಳೆಯ ಸಾಮಾನಿನ ಅಂಗಡಿ ಹಿಂದಿನ ಓಣಿಯಲ್ಲಿ. ಬಾಗಿಲ ಬಳಿ ಬೆತ್ತದ ಕುರ್ಚಿಗಳು, ಪಿಂಗಾಣಿ ಬಳಿದ ತಟ್ಟೆಗಳು, ನಾಲ್ಕಂತಸ್ತಿನ ಊಟದ ಕ್ಯಾರಿಯರ್‌ಗಳು. ಒಳಗೆ ಒಂದು ಪೆಟ್ಟಿಗೆ ತುಂಬ ಪಿಂಗಾಣಿಯ ಸ್ವಿಚ್ಚುಗಳು, ದಪ್ಪ ಗುಬಟಿನವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಈ ಗಣಿಗಳಿಗೆ, ಬೆಂಗಳೂರಿಗಿಂತಲೂ ಮುಂಚೆ. ಇಂಥ ಸ್ವಿಚ್ಚುಗಳು ಇಲ್ಲಿ ರಾಶಿ ಬಿದ್ದಿರುವುದು ಆಶ್ಚರ್ಯವಲ್ಲ. ನಾನು ಎರಡನ್ನು ಕೊಂಡೆ. ಹೊಸ ಮನೆಯ ಗೋಡೆಗೆ ಹಾಕಲು ಧೈರ್ಯವಿಲ್ಲ, ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಅಂಗಡಿಯ ಹಿರಿಯರಿಗೆ ಎಪ್ಪತ್ತು ದಾಟಿರಬೇಕು. ಇಪ್ಪತ್ತೆರಡು ವರ್ಷ ಗಣಿಯ ಒಳಗೆ ದುಡಿದವರು. ಇಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. “ಕೆಳಗೆ ಬಂಡೆಯೇ ಸುಡುತ್ತಿತ್ತಮ್ಮ. ಬೆನ್ನು ತಾಗಿಸಿ ಕೂರುವ ಹಾಗಿರಲಿಲ್ಲ,” ಎಂದರು. ಹಿತ್ತಾಳೆಯ ಕಾರ್ಬೈಡ್ ದೀಪವೊಂದನ್ನು ಬಿಚ್ಚಿ ತೋರಿಸಿದರು. ಕೆಳಗಿನ ಬಟ್ಟಲಿಗೆ ಕಾರ್ಬೈಡ್ ಕಲ್ಲು, ಮೇಲಿನದಕ್ಕೆ ನೀರು. ಹನಿ ಹನಿ ಬಿದ್ದ ಹಾಗೆ ಅನಿಲ ಹುಟ್ಟಿ ಮೂತಿಯಲ್ಲಿ ಉರಿಯುತ್ತದೆ. ಅದು ತಮ್ಮ ಕಾಲಕ್ಕಿಂತ ಹಿಂದಿನದು, ತಮ್ಮ ಕಾಲಕ್ಕೆ ಬ್ಯಾಟರಿಯ ದೀಪ ಬಂದಿತ್ತು ಎಂದೂ ಹೇಳಿದರು. ಮಾರಲು ಆತುರಪಡುವವರು ಹಾಗೆ ಹೇಳುವುದಿಲ್ಲ.

ಪಾವು ಎಂದಾಗ ಮೊದಲು ಬಂದದ್ದು ಸಣ್ಣದೊಂದು ಲೋಟ. “ಆಳಾಕ್ಕು,” ಎಂದರು. ತಮಿಳಿನ ಪಡಿಯಲ್ಲಿ ಎಂಟನೆಯ ಒಂದು ಪಾಲು. ಅತ್ತೆಗೆ ತಮಿಳು ಬಾರದು, ಹಿರಿಯರಿಗೆ ತೆಲುಗು ಬಾರದು. ಇಬ್ಬರೂ ನೆಲದ ಮೇಲೆ ಕುಳಿತು ಗಿದ್ದೆ, ಸೋಲ, ಆಳಾಕ್ಕು, ಉಳಕ್ಕು, ಚಟಾಕು, ಪಾವು ಎಂದು ಬೆರಳು ಮಡಿಚುತ್ತಾ ಕನ್ನಡದಲ್ಲಿ ಲೆಕ್ಕ ಹಾಕಿದರು. ಮೂರು ಭಾಷೆಯವರು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದ ಈ ಸೀಮೆಯಲ್ಲಿ ನಾವು ಎರಡು ದಿನ ನೋಡಿದ್ದೇನು ಎಂದು ನನಗೆ ಆಗ ಅರ್ಥವಾಯಿತು. ಮೈಸೂರು ಸೀಮೆಯ ಸೇರು, ತೆಲುಗಿನ ಮಾನಿಕೆ, ತಮಿಳಿನ ಪಡಿ, ಮೂರೂ ಇಲ್ಲಿ ಒಂದೇ ಕಪಾಟಿನಲ್ಲಿ ಬೆರೆತು ಕುಳಿತಿವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಹಿತ್ತಾಳೆ. ಒಳಗೆ ಹಿಡಿಯುವ ಅಕ್ಕಿ ಮಾತ್ರ ಬೇರೆ ಬೇರೆ.

ಹಿರಿಯರು ಎದ್ದು ಒಳಗೆ ಹೋದರು. ತುಂಬ ಹೊತ್ತು ಡಬ್ಬಗಳ ಸದ್ದು ಕೇಳಿತು. ಕಪ್ಪಾದ ಒಂದನ್ನು ತಂದು ಪಂಚೆಯ ಅಂಚಿನಿಂದ ಒರೆಸಿ ಕೊಟ್ಟರು. ಅಂಚಿನ ಬಳಿ ಸರ್ಕಾರದ ಮುದ್ರೆಯಂಥ ಗುರುತು, ಓದಲಾಗದಷ್ಟು ಸವೆದಿತ್ತು. ಬಾಯಿಯ ಒಂದು ಬದಿ ಹೆಬ್ಬೆರಳು ಊರುವ ಕಡೆ ನುಣ್ಣಗಾಗಿತ್ತು. ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ತಮಿಳು ಅಕ್ಷರ, ಒಂದು ಹೆಣ್ಣಿನ ಹೆಸರು. ಗಣಿ ಕಾರ್ಮಿಕರ ಲೈನು ಮನೆಗಳ ನಡುವೆ ಬುಟ್ಟಿ ಹೊತ್ತು ಹುರಿದ ಕಡಲೆಕಾಯಿ ಮಾರುತ್ತಿದ್ದಾಕೆ ಎಂದರು. ಆಕೆಯ ಮೊಮ್ಮಕ್ಕಳು ಬೆಂಗಳೂರಿಗೆ ಹೋಗುವಾಗ ಎಲ್ಲವನ್ನೂ ಒಟ್ಟಿಗೆ ಕೊಟ್ಟು ಹೋದರಂತೆ.

ಪತ್ರಿಕೆ ಹಾಸಿದೆ. ಅತ್ತೆ ಮೊದಲು ಒಳಗೆ ಬೆರಳಿಟ್ಟು ತಳ ನೋಡಿದರು. ಆಮೇಲೆ ತುಂಬಿ, ಸವರಿ ಹೊಯ್ದರು. ಓಣಿಯಲ್ಲಿ ನಿಂತಿದ್ದ ಇಬ್ಬರು ಹುಡುಗರೂ ಬಗ್ಗಿ ನೋಡತೊಡಗಿದರು. ಮೂರನೆಯದಕ್ಕೆ ಸೇರಿನ ಮುಕ್ಕಾಲು. ನಾಲ್ಕನೆಯದನ್ನು ಅತ್ತೆ ನಿಧಾನವಾಗಿ, ಕಾಳು ಕಾಳಾಗಿ ಬಿಟ್ಟರು. ಅಕ್ಕಿ ಅಂಚಿಗೆ ಬಂದು ನಿಂತಿತು. ಅವರು ಅಂಗೈಯಿಂದ ಸವರಿದರೆ ನಾಲ್ಕೈದು ಕಾಳು ಪತ್ರಿಕೆಯ ಮೇಲೆ ಬಿದ್ದವು, ಅಷ್ಟೇ.

ಹಿರಿಯರು 400 ರೂಪಾಯಿ ಎಂದರು. ಮೊದಲ ದಿನದಿಂದ ಪ್ರತಿ ಅಂಗಡಿಯಲ್ಲೂ ಅರ್ಧ ಗಂಟೆ ಚೌಕಾಸಿ ಮಾಡಿದ್ದ ಅತ್ತೆ ಸೆರಗಿನ ಗಂಟು ಬಿಚ್ಚಿ ನೂರರ ನಾಲ್ಕು ನೋಟು ಎಣಿಸಿ ಕೊಟ್ಟರು. ಈ ಅಂಗಡಿಗಳಲ್ಲಿ ಮೊಬೈಲ್ ಪಾವತಿ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ನೂರರ, ಐವತ್ತರ ನೋಟುಗಳು ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಹೊರಡುವಾಗ ಹಿರಿಯರು, “ಹೆಸರನ್ನು ಉಜ್ಜಿ ಅಳಿಸಬೇಡಿ,” ಎಂದರು. “ಯಾಕೆ ಅಳಿಸಲಿ?” ಎಂದರು ಅತ್ತೆ.

ಭಾನುವಾರ ಸಂಜೆ

ಹಿಂತಿರುಗುವಾಗ ಬಂಗಾರಪೇಟೆಯಲ್ಲಿ ಪಾನಿಪುರಿಗೆ ನಿಂತೆವು. ಇಲ್ಲಿಯ ಪಾನಿ ನೋಡಲು ಬರಿಯ ನೀರಿನಂತೆ ತಿಳಿಯಾಗಿರುತ್ತದೆ, ಬಾಯಿಗೆ ಬಿದ್ದ ಮೇಲೆ ಖಾರ, ಹುಳಿ ಒಂದಾದ ಮೇಲೊಂದು ಏಳುತ್ತವೆ. ಅತ್ತೆ ಒಂದು ತಿಂದು ಕಣ್ಣಲ್ಲಿ ನೀರು ತುಂಬಿಕೊಂಡರು, ಇನ್ನೊಂದು ತಟ್ಟೆ ಹೇಳಿದರು. ಪಾವು ಅವರ ಮಡಿಲಲ್ಲೇ ಇತ್ತು.

ಮನೆ ಸೇರಿದಾಗ ಹತ್ತು ಗಂಟೆ. ಮಕ್ಕಳು ಮಲಗಿದ್ದರು, ಯಜಮಾನರ ಊಟವಾಗಿತ್ತು. ಅತ್ತೆ ಬಟ್ಟೆ ಬದಲಾಯಿಸಿ ನೇರ ಅಡುಗೆಮನೆಗೆ ಹೋದರು. ಹುಣಸೆಹಣ್ಣು, ಉಪ್ಪು ಹಾಕಿ ಪಾವನ್ನು ತಿಕ್ಕಿದರು, ಒಲೆಯ ಉರಿಗೆ ಹಿಡಿದರು. ಮೂರು ಊರಿನ ದೂಳು ಸೇರಿದ ಅದೇ ಅಕ್ಕಿಯಿಂದ ಎರಡು ಪಾವು ಅಳೆದು, ನಾಲ್ಕು ನೀರಿನಲ್ಲಿ ತೊಳೆದರು. ನಾಲ್ಕು ಪಾವು ನೀರಿಟ್ಟರು. ನಾನು ಗೊಜ್ಜು ಮಾಡಿದೆ.

ಮುಚ್ಚಳ ತೆಗೆದಾಗ ಆವಿಯೊಳಗೆ ಅಗಳುಗಳು ಬಿಡಿಬಿಡಿಯಾಗಿ, ಮೆತ್ತಗೆ ಎದ್ದು ನಿಂತಿದ್ದವು. ಅತ್ತೆ ಚಮಚದ ಬೆನ್ನಿನಿಂದ ಒತ್ತಿ ನೋಡಲಿಲ್ಲ. ಎರಡು ತಟ್ಟೆಗೆ ಬಡಿಸಿ, ಅಕ್ಕಿ ಡಬ್ಬದ ಪಕ್ಕದಲ್ಲಿದ್ದ ಸ್ಟೀಲ್ ಲೋಟವನ್ನು ನನ್ನ ಕಡೆ ಸರಿಸಿದರು.

“ತಗೋ, ಇದರಲ್ಲಿ ನೀರು ಕುಡಿ.”